ಸಬ್ಸಿಡಿ ಹಣ ಯಾರ ಜೇಬಿನದು? ಯುರೋಪಿನ ಹಸಿರು ಕರೆಂಟಿನ ತಕರಾರು

ಜರ್ಮನಿಯಲ್ಲಿ ಗಾಳಿ, ಬಿಸಿಲಿನಿಂದ ಕರೆಂಟ್ ಮಾಡುವವರಿಗೆ ಸರ್ಕಾರ ಕೊಡುವ ಸಬ್ಸಿಡಿಗೆ ಒಂದು ಗಡುವು ಇದೆ. 2022ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಐರೋಪ್ಯ ಆಯೋಗ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊತ್ತ 2,800 ಕೋಟಿ ಯೂರೋ, ಅವಧಿ 2026ರ ಕೊನೆಯವರೆಗೆ. ಆಮೇಲೂ ಸಬ್ಸಿಡಿ ಕೊಡಬೇಕಾದರೆ ಆಯೋಗದ ಕಚೇರಿ ಇರುವ ಬ್ರಸೆಲ್ಸ್‌ಗೆ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಒಪ್ಪಿಗೆ ಪಡೆಯಬೇಕು. ಇದರ ಮಧ್ಯೆ ಅಲ್ಲಿನ ಆರ್ಥಿಕ ಸಚಿವೆ ಕ್ಯಾಥರಿನಾ ರೈಶೆ, ಹೊಸದಾಗಿ ಮನೆ ಮೇಲೆ ಹಾಕುವ ಸಣ್ಣ ಸೋಲಾರ್‌ಗೆ ಇನ್ನು ಸಬ್ಸಿಡಿಯ ಅಗತ್ಯವಿಲ್ಲ ಎಂದು 2025ರಲ್ಲಿ ಹೇಳಿದರು. ಎರಡೂ ಸುದ್ದಿ ಒಂದಕ್ಕೊಂದು ಸಿಕ್ಕಿಕೊಂಡು ಗೋಜಲಾಗಿದೆ. ಯುರೋಪೇ ಹಸಿರು ಇಂಧನಕ್ಕೆ ಅಡ್ಡಗಾಲು ಹಾಕುತ್ತಿದೆಯಾ? ಜರ್ಮನಿ ತನ್ನ ದುಡ್ಡನ್ನು ತನ್ನ ಜನರಿಗೆ ಕೊಡೋದಕ್ಕೆ ಬೇರೆಯವರ ಸಹಿ ಯಾಕೆ?

ಉತ್ತರ ಹುಡುಕಲು ಒಂದು ಹಳೆಯ ನಿಯಮಕ್ಕೆ ಹೋಗಬೇಕು. ಅದು ಇಂಧನಕ್ಕೋಸ್ಕರ ಬರೆದ ನಿಯಮವೇ ಅಲ್ಲ.

ಉದ್ದೇಶ ಆಮೇಲೆ, ಜೇಬು ಮೊದಲು

ಐರೋಪ್ಯ ಒಕ್ಕೂಟದಲ್ಲಿ 27 ದೇಶಗಳಿವೆ, ಮಾರುಕಟ್ಟೆ ಮಾತ್ರ ಒಂದೇ. ಒಂದು ದೇಶ ತನ್ನ ಕಂಪನಿಗೆ ಖಜಾನೆಯಿಂದ ದುಡ್ಡು ಸುರಿದರೆ ಪಕ್ಕದ ದೇಶದ ಕಂಪನಿ ಸೋಲುತ್ತದೆ. ಆಗ ಪಕ್ಕದ ದೇಶವೂ ಸುರಿಯುತ್ತದೆ. ಈ ಪೈಪೋಟಿಯನ್ನು ತಡೆಯುವುದಕ್ಕೆ ಒಕ್ಕೂಟದ ಒಪ್ಪಂದದ 107ನೇ ವಿಧಿ ಇದೆ. ಸರ್ಕಾರದ ಸಂಪನ್ಮೂಲದಿಂದ, ಕೆಲವೇ ಉದ್ಯಮಗಳಿಗೆ, ಸ್ಪರ್ಧೆ ಕೆಡುವಂತೆ, ದೇಶ–ದೇಶಗಳ ವ್ಯಾಪಾರಕ್ಕೆ ಪೆಟ್ಟು ಬೀಳುವಂತೆ ಕೊಡುವ ಅನುಕೂಲವನ್ನು ಅದು 'ಸರ್ಕಾರಿ ನೆರವು' ಎನ್ನುತ್ತದೆ. ಹಾಗೆ ಕೊಡುವುದಕ್ಕೆ ನಿಷೇಧ ಇದೆ. ಆದರೆ ಒಳ್ಳೆಯ ಕಾರಣ ಇದ್ದರೆ ಆಯೋಗ ಒಪ್ಪಬಹುದು.

ಮುಂದಿನ 108ನೇ ವಿಧಿ ಇನ್ನೂ ಬಿಗಿ. ಕೊಡುವ ಮೊದಲೇ ಆಯೋಗಕ್ಕೆ ತಿಳಿಸಬೇಕು. ಒಪ್ಪಿಗೆ ಬರುವ ತನಕ ಒಂದು ಪೈಸೆಯನ್ನೂ ಬಿಡುವಂತಿಲ್ಲ. ತಿಳಿಸದೆ ಕೊಟ್ಟಿದ್ದು ಆಮೇಲೆ ಸರಿಯಲ್ಲ ಎಂದು ಗೊತ್ತಾದರೆ, ಪಡೆದವರಿಂದ ಬಡ್ಡಿ ಸಮೇತ ವಾಪಸ್ ವಸೂಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹವಾಮಾನಕ್ಕೆ ಒಳ್ಳೆಯದಾ ಎಂಬ ಪ್ರಶ್ನೆ ಎರಡನೇ ಹಂತದ್ದು. ಮೊದಲ ಹಂತದಲ್ಲಿ ಕೇಳುವುದು ಈ ಹಣ ಯಾರದ್ದು ಅಂತ. ಸರ್ಕಾರದ್ದು ಅಲ್ಲ ಅಂತಾದರೆ ಸರ್ಕಾರಿ ನೆರವಿನ ಕಡತವೇ ತೆರೆಯುವುದಿಲ್ಲ. ಕಾಲು ಶತಮಾನದ ಹಸಿರು ಸಬ್ಸಿಡಿ ಜಗಳವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ.

ಒಂದೇ ಮನೆಯೊಳಗಿನ ಕೇಸು

ಜರ್ಮನಿಯ ಉತ್ತರ ತುದಿಯಲ್ಲಿ ಶ್ಲೆಸ್ವಿಗ್–ಹೋಲ್‌ಸ್ಟೈನ್ ಎಂಬ ರಾಜ್ಯ ಇದೆ. ಎರಡು ಕಡೆ ಸಮುದ್ರ, ಸಮತಟ್ಟು ನೆಲ, ಜೋರು ಗಾಳಿ. 1991ರಿಂದ ಜಾರಿಗೆ ಬಂದ ಕಾಯ್ದೆಯೊಂದು, ಹಸಿರು ಕರೆಂಟನ್ನು ಆಯಾ ಪ್ರದೇಶದ ವಿದ್ಯುತ್ ಕಂಪನಿಗಳು ನಿಗದಿ ಮಾಡಿದ ಕನಿಷ್ಠ ದರಕ್ಕೆ ಕೊಳ್ಳಲೇಬೇಕು ಎಂದಿತು. ಹೊಲಗಳಲ್ಲಿ ಗಾಳಿಯಂತ್ರಗಳು ಎದ್ದವು. ಅಲ್ಲಿಗೆ ಕರೆಂಟ್ ಪೂರೈಸುತ್ತಿದ್ದ ಶ್ಲೆಸ್‌ವಾಗ್ ಎಂಬ ಕಂಪನಿಗೆ 1991ರಲ್ಲಿ ಇದರಿಂದ ಬಿದ್ದ ಹೆಚ್ಚುವರಿ ಹೊರೆ 58 ಲಕ್ಷ ಮಾರ್ಕ್ (ಜರ್ಮನಿಯ ಆಗಿನ ಕರೆನ್ಸಿ). 1998ರ ಹೊತ್ತಿಗೆ ಅದು 11 ಕೋಟಿ ಮಾರ್ಕ್ ದಾಟಿತು.

ಆ ವರ್ಷ ಕಾಯ್ದೆಗೆ ಒಂದು ತಿದ್ದುಪಡಿ ಬಂದಿತ್ತು. ಕಂಪನಿ ಮಾರುವ ಒಟ್ಟು ಕರೆಂಟಿನಲ್ಲಿ ಹಸಿರು ಪಾಲು ಶೇ 5 ದಾಟಿದರೆ, ಆಮೇಲಿನ ಹೊರೆಯನ್ನು ಮೇಲಿನ ಗ್ರಿಡ್ ಕಂಪನಿ ತುಂಬಿಕೊಡಬೇಕು ಅಂತ. ಶ್ಲೆಸ್‌ವಾಗ್ ಏಪ್ರಿಲ್ ಕೊನೆಗೇ ಆ ಗೆರೆ ದಾಟಿ ಬಿಲ್ ಕಳಿಸಿತು. ಮೇಲಿನ ಕಂಪನಿ ಪ್ರಾಯ್ಸನ್‌ಎಲೆಕ್ಟ್ರಾ. ಶ್ಲೆಸ್‌ವಾಗ್‌ನ ಹೆಚ್ಚಿನ ಷೇರು ಅದರ ಕೈಯಲ್ಲೇ ಇತ್ತು! ಪ್ರಾಯ್ಸನ್‌ಎಲೆಕ್ಟ್ರಾ ದುಡ್ಡು ಕಟ್ಟಿತು. ಕಟ್ಟಿದ್ದರಲ್ಲಿ 5 ಲಕ್ಷ ಮಾರ್ಕ್ ವಾಪಸ್ ಕೊಡಿ ಎಂದು ತನ್ನದೇ ಕಂಪನಿಯ ಮೇಲೆ ಕೀಲ್ ನಗರದ ಕೋರ್ಟಿನಲ್ಲಿ ಕೇಸು ಹಾಕಿತು. ಇದು ಒಪ್ಪಿಗೆಯಿಲ್ಲದ ಸರ್ಕಾರಿ ನೆರವು, ಹಾಗಾಗಿ ಅಕ್ರಮ ಎಂಬುದು ಅದರ ವಾದ. ಇಬ್ಬರಿಗೂ ಬೇಕಿದ್ದದ್ದು ಕಾಯ್ದೆ ಬೀಳುವುದು ಎಂದು ಅನುಮಾನ ಬಂದರೆ ತಪ್ಪೇನಿಲ್ಲ.

ಕೇಸು ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. 2001ರ ಮಾರ್ಚ್ 13ರಂದು ತೀರ್ಪು ಬಂತು. ದರ ನಿಗದಿ ಮಾಡಿದ್ದು ಸರ್ಕಾರವೇ ಇರಬಹುದು. ಆದರೆ ದುಡ್ಡು ಒಂದು ಖಾಸಗಿ ಕಂಪನಿಯ ಜೇಬಿನಿಂದ ಹೊರಟು ಇನ್ನೊಂದು ಖಾಸಗಿ ಜೇಬಿಗೆ ಹೋಗಿದೆ. ನಡುವೆ ಸರ್ಕಾರದ ಕೈ ತಾಗಿಲ್ಲ. ಆದ್ದರಿಂದ ಇದು ಸರ್ಕಾರಿ ನೆರವು ಅಲ್ಲ.

ನಮ್ಮ ಕರ್ನಾಟಕದ ಕರೆಂಟ್ ದರದಲ್ಲಿ ಕ್ರಾಸ್ ಸಬ್ಸಿಡಿ ಅಂತ ಇದೆಯಲ್ಲ, ಕಾರ್ಖಾನೆಯವರು ಜಾಸ್ತಿ ಕಟ್ಟಿ ಬೇರೆಯವರ ಹೊರೆ ಇಳಿಸುವುದು? ಹೆಚ್ಚುಕಡಿಮೆ ಅದೇ ಬಗೆ. ಖಜಾನೆಗೆ ಹೋಗದ, ಬಜೆಟ್‌ನಲ್ಲಿ ಕಾಣದ ಸಬ್ಸಿಡಿ. ಜರ್ಮನಿಯ ಗಾಳಿ, ಸೌರ ಉದ್ಯಮ ಮುಂದಿನ ಹತ್ತು ವರ್ಷ ಬ್ರಸೆಲ್ಸ್ ಹಂಗಿಲ್ಲದೆ ಬೆಳೆದದ್ದರ ಹಿಂದೆ ಈ ತೀರ್ಪಿನ ಪಾಲು ದೊಡ್ಡದು.

ಫ್ರಾನ್ಸ್‌ನಲ್ಲಿ ದಾರಿ ಸ್ವಲ್ಪ ಬೇರೆ, ಫಲ ಪೂರ್ತಿ ಬೇರೆ

ಫ್ರಾನ್ಸ್ ಕೂಡ ಹೀಗೇ ಮಾಡಿತು. ಅಲ್ಲಿ ಇಡಿಎಫ್ ಕಂಪನಿ ಗಾಳಿ ಕರೆಂಟನ್ನು ಹೆಚ್ಚಿನ ದರಕ್ಕೆ ಕೊಳ್ಳಬೇಕಿತ್ತು. ಅದರ ಹೊರೆ ತುಂಬಲು ಎಲ್ಲ ಗ್ರಾಹಕರ ಬಿಲ್‌ಗೆ ಒಂದು ಶುಲ್ಕ ಸೇರಿಸಿದರು. ಒಂದೇ ವ್ಯತ್ಯಾಸ, ಆ ಶುಲ್ಕದ ಹಣ ಸಾರ್ವಜನಿಕ ಸಂಸ್ಥೆಯೊಂದರ ಖಾತೆಯ ಮೂಲಕ ಹಾದುಹೋಗುತ್ತಿತ್ತು.

ಗಾಳಿಯಂತ್ರಗಳನ್ನು ವಿರೋಧಿಸುವ ಒಂದು ಸಂಘ ಇದನ್ನು ಹಿಡಿದುಕೊಂಡಿತು. ಸಂಘದ ಹೆಸರು ವಾಂ ದ ಕೊಲೇರ್, ಅಂದರೆ ಸಿಟ್ಟಿನ ಗಾಳಿ. 2013ರ ಡಿಸೆಂಬರ್ 19ರಂದು ಐರೋಪ್ಯ ನ್ಯಾಯಾಲಯ ಅವರ ಪರ ನಿಂತಿತು. ಹಣ ಸರ್ಕಾರದ ಹಿಡಿತದಲ್ಲಿ ಇದ್ದದ್ದೇ ಸಾಕು, ಅದು ಸರ್ಕಾರದ ಸಂಪನ್ಮೂಲವೇ ಎಂದಿತು. ಮರುವರ್ಷ ಫ್ರಾನ್ಸಿನ ಪರಮೋಚ್ಚ ಆಡಳಿತ ನ್ಯಾಯಾಲಯ ಆ ದರದ ಆದೇಶವನ್ನು ರದ್ದು ಮಾಡಿತು. ಅಷ್ಟರಲ್ಲಿ ಸರ್ಕಾರ ಆಯೋಗದಿಂದ ಒಪ್ಪಿಗೆ ತಂದಿಟ್ಟುಕೊಂಡಿತ್ತು. ಹೊಸ ಆದೇಶ ಹೊರಡಿಸಿ ಪಾರಾಯಿತು.

ಗ್ರಾಹಕನ ಕಣ್ಣಿಗೆ ಎರಡೂ ಒಂದೇ. ಬಿಲ್ ಜಾಸ್ತಿ ಬಂತು, ಆ ದುಡ್ಡು ಗಾಳಿಯಂತ್ರದವರಿಗೆ ಹೋಯಿತು. ಕಾನೂನಿನ ಕಣ್ಣಿಗೆ ಮಾತ್ರ ಒಂದು ಅಕ್ರಮ, ಇನ್ನೊಂದು ಸಕ್ರಮ.

ಜರ್ಮನಿ ಗೆದ್ದಿತು, ಆದರೆ ತಡವಾಗಿ

2013ರ ಡಿಸೆಂಬರ್‌ನಲ್ಲೇ ಆಯೋಗ ಜರ್ಮನಿಯ ಮೇಲೂ ತನಿಖೆ ಶುರು ಮಾಡಿತು. ಅಲ್ಲಿ ಪ್ರತಿ ಯೂನಿಟ್‌ಗೆ ಇಇಜಿ ಎಂಬ ಹೆಚ್ಚುವರಿ ಶುಲ್ಕ ಇತ್ತು. 2014ರಲ್ಲಿ ಅದು 6.24 ಸೆಂಟ್. ವರ್ಷಕ್ಕೆ 3,500 ಯೂನಿಟ್ ಸುಡುವ ಮನೆಗೆ ತೆರಿಗೆ ಬಿಟ್ಟೇ 218 ಯೂರೋ. ಆದರೆ ಜಾಸ್ತಿ ಕರೆಂಟ್ ತಿನ್ನುವ ದೊಡ್ಡ ಕಾರ್ಖಾನೆಗಳಿಗೆ ಇದರಲ್ಲಿ ಭಾರೀ ರಿಯಾಯಿತಿ. ಆಯೋಗದ ಕಣ್ಣು ಮುಖ್ಯವಾಗಿ ಬಿದ್ದದ್ದು ಈ ರಿಯಾಯಿತಿ ಮೇಲೆ. ಇಡೀ ವ್ಯವಸ್ಥೆ ಸರ್ಕಾರಿ ನೆರವು, ಬಹುಪಾಲು ಒಪ್ಪಬಹುದು, ಕಾರ್ಖಾನೆಗಳಿಗೆ ಕೊಟ್ಟ ರಿಯಾಯಿತಿಯಲ್ಲಿ ಒಂದಿಷ್ಟನ್ನು ವಸೂಲಿ ಮಾಡಿ ಎಂದು 2014ರ ನವೆಂಬರ್‌ನಲ್ಲಿ ತೀರ್ಮಾನಿಸಿತು.

ಜರ್ಮನಿ ಕೋರ್ಟಿಗೆ ಹೋಯಿತು. 2016ರಲ್ಲಿ ಸೋತಿತು. ಮೇಲ್ಮನವಿ ಹಾಕಿ 2019ರ ಮಾರ್ಚ್ 28ರಂದು ಗೆದ್ದಿತು. ಶುಲ್ಕದ ಹಣ ಟ್ರಾನ್ಸ್‌ಮಿಷನ್ ಕಂಪನಿಗಳ ಕೈಯಲ್ಲಿತ್ತು, ಸರ್ಕಾರಕ್ಕೆ ಅದರ ಮೇಲೆ ಹಿಡಿತ ಇರಲಿಲ್ಲ, ಆದ್ದರಿಂದ ನೆರವೇ ಅಲ್ಲ ಎಂದಿತು ನ್ಯಾಯಾಲಯ.

ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತು. 2014ರ ಜುಲೈನಿಂದ ಆಯೋಗ ಹೊಸ ಮಾರ್ಗಸೂಚಿ ತಂದಿತ್ತು. ನಿಗದಿ ದರ ಬಿಡಿ, 2017ರಿಂದ ಹರಾಜಿನಲ್ಲಿ ಸಬ್ಸಿಡಿ ಹಂಚಿ, ಮಾರುಕಟ್ಟೆ ದರ ಸೊನ್ನೆಗಿಂತ ಕೆಳಗಿಳಿದಾಗಲೂ ಉತ್ಪಾದಿಸಿ ದುಡ್ಡು ಪಡೆಯುವ ಹಾಗೆ ಬಿಡಬೇಡಿ ಎಂದು ಅದರಲ್ಲಿತ್ತು. ಕೇಸಿನ ತೂಗುಗತ್ತಿ ಕೆಳಗೆ ಇದ್ದ ಜರ್ಮನಿ ಎರಡು ಬಾರಿ ಕಾಯ್ದೆ ತಿದ್ದಿ ಹರಾಜಿಗೆ ಬಂದಿತ್ತು. ನಿಮಗೆ ಒಪ್ಪಿಗೆಯೇ ಬೇಕಿರಲಿಲ್ಲ ಎಂಬ ತೀರ್ಪು ಬಂದಾಗ, ಆ ಒಪ್ಪಿಗೆಗೋಸ್ಕರ ಬದಲಾದ ಕಾಯ್ದೆ ಜಾರಿಯಲ್ಲಿತ್ತು.

ಮುಂದಿನ ತಿರುವು ಇನ್ನೂ ಸೋಜಿಗದ್ದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಕರೆಂಟ್ ದರ ಏರಿತು. ಜನರಿಗೆ ಹಗುರವಾಗಲಿ ಅಂತ ಜರ್ಮನಿ ಜುಲೈ 1ರಿಂದ ಇಇಜಿ ಶುಲ್ಕವನ್ನು ಸೊನ್ನೆಗೆ ಇಳಿಸಿತು. ಸಬ್ಸಿಡಿಯನ್ನು ಸರ್ಕಾರದ ನಿಧಿಯಿಂದಲೇ ಕೊಡತೊಡಗಿತು. ಬಿಲ್ ಇಳಿಯಿತು, ಜೇಬು ಬದಲಾಯಿತು. ಈಗ ಅದು ಯಾವ ಅನುಮಾನವೂ ಇಲ್ಲದ ಸರ್ಕಾರಿ ನೆರವು. 2019ರಲ್ಲಿ ಕೋರ್ಟು ಕೊಡಿಸಿದ ಬಿಡುಗಡೆಯನ್ನು ಮೂರೇ ವರ್ಷದಲ್ಲಿ ಜರ್ಮನಿ ತಾನಾಗಿಯೇ ಬಿಟ್ಟುಕೊಟ್ಟಿತು. 2026ರ ಗಡುವು ಹುಟ್ಟಿದ್ದು ಇಲ್ಲಿಂದ.

ತಿಳಿಸದೆ ಇದ್ದದ್ದು ಸರ್ಕಾರ, ಪೆಟ್ಟು ನಂಬಿದವರಿಗೆ

ಈ ನಿಯಮದ ನಿಜವಾದ ದೋಷ ನನಗೆ ಕಾಣುವುದು ಬೇರೊಂದು ಕಡೆ. ಆಯೋಗಕ್ಕೆ ತಿಳಿಸಬೇಕಾದದ್ದು ಸರ್ಕಾರ. ಅದು ತಿಳಿಸದಿದ್ದರೆ ನಷ್ಟ ಅನುಭವಿಸುವುದು ಸಬ್ಸಿಡಿ ನಂಬಿ ಬಂಡವಾಳ ಹಾಕಿದವರು.

ಫ್ರಾನ್ಸ್‌ನಲ್ಲಿ 2010ರ ಸುಮಾರಿಗೆ ಸೌರ ಕರೆಂಟಿಗೆ ಒಳ್ಳೆಯ ದರ ಇತ್ತು. ಗ್ರಿಡ್ ಕಂಪನಿ ಸಂಪರ್ಕದ ಕಾಗದ ತಡ ಮಾಡಿದ್ದರಿಂದ ಆ ದರ ಕೈತಪ್ಪಿತು ಎಂದು ಹಲವರು ಪರಿಹಾರ ಕೇಳಿ ಕೇಸು ಹಾಕಿದರು. ಆ ದರವನ್ನು ಸರ್ಕಾರ ಆಯೋಗಕ್ಕೆ ತಿಳಿಸಿಯೇ ಇರಲಿಲ್ಲ ಎಂಬುದು ಆಮೇಲೆ ಮುನ್ನೆಲೆಗೆ ಬಂತು. 2017ರಲ್ಲಿ ಐರೋಪ್ಯ ನ್ಯಾಯಾಲಯ ಹಾಗಿದ್ದರೆ ಅದು ನಿಯಮ ಮೀರಿದ್ದು ಎಂದಿತು. ಅಕ್ರಮ ಲಾಭ ತಪ್ಪಿದ್ದಕ್ಕೆ ಪರಿಹಾರ ಇಲ್ಲ ಎಂದು ಫ್ರೆಂಚ್ ಕೋರ್ಟುಗಳು ಅರ್ಜಿ ತಳ್ಳಿದವು.

ಸ್ಪೇನ್ ಕಥೆ ಇನ್ನೂ ದೊಡ್ಡದು. 2007ರಲ್ಲಿ ಸೌರ ವಿದ್ಯುತ್‌ಗೆ ಕೈತುಂಬ ದರ ಘೋಷಿಸಿದ ಸರ್ಕಾರ, ಹೊರೆ ತಾಳಲಾಗದೆ 2013ರಲ್ಲಿ ಆ ವ್ಯವಸ್ಥೆಯನ್ನೇ ಕಿತ್ತುಹಾಕಿತು. ವಿದೇಶಿ ಹೂಡಿಕೆದಾರರು ಎನರ್ಜಿ ಚಾರ್ಟರ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ಪಂಚಾಯ್ತಿಗೆ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥಗಾರರು ತೀರ್ಪು ಕೊಡುವ ವ್ಯವಸ್ಥೆಗೆ, ಹೋದರು. ಅಂಥ ಕೇಸುಗಳು 50ರ ಆಸುಪಾಸು. ಗ್ರನಾಡಾ ಪ್ರಾಂತ್ಯದಲ್ಲಿ ಸಾಲು ಸಾಲು ಕನ್ನಡಿಗಳಿಂದ ಬಿಸಿಲನ್ನು ಹಿಡಿದು, ಕರಗಿದ ಉಪ್ಪಿನಲ್ಲಿ ಶಾಖ ಕೂಡಿಟ್ಟು ರಾತ್ರಿಯೂ ಕರೆಂಟ್ ಕೊಡುವ ಆಂಡಾಸೋಲ್ ಸ್ಥಾವರಗಳಿವೆ. ಅದರಲ್ಲಿ ಹಣ ಹಾಕಿದ್ದ ಆಂಟಿನ್ ಎಂಬ ಹೂಡಿಕೆ ಸಂಸ್ಥೆಗೆ 10.1 ಕೋಟಿ ಯೂರೋ ಕೊಡಬೇಕೆಂದು ಪಂಚಾಯ್ತಿದಾರರು ಹೇಳಿದರು.

2025ರ ಮಾರ್ಚ್‌ನಲ್ಲಿ ಆಯೋಗ ಅಡ್ಡ ಬಂತು. 2007ರ ಯೋಜನೆಯನ್ನು ಸ್ಪೇನ್ ತಿಳಿಸಿರಲೇ ಇಲ್ಲ. ಈಗ ಪರಿಹಾರದ ಹೆಸರಿನಲ್ಲಿ ಕೊಟ್ಟರೆ ಅದೂ ಸರ್ಕಾರಿ ನೆರವು, ಅದೂ ಅಕ್ರಮ, ಕೊಡಬೇಡಿ ಎಂದಿತು. ಇದೇ ಪಂಚಾಯ್ತಿ ತೀರ್ಪನ್ನು ಮಾನ್ಯ ಮಾಡದಂತೆ ಸ್ಪೇನ್ ಮುಂದಿಟ್ಟ ವಾದವನ್ನು ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಪರಮೋಚ್ಚ ನ್ಯಾಯಾಲಯ) 2023ರಲ್ಲೇ ತಳ್ಳಿಹಾಕಿತ್ತು. ಹೀಗಾಗಿ ಕೊಟ್ಟರೆ ಬ್ರಸೆಲ್ಸ್‌ನಲ್ಲಿ ತಪ್ಪು, ಕೊಡದಿದ್ದರೆ ಹೊರದೇಶದ ಕೋರ್ಟುಗಳಲ್ಲಿ ಸ್ಪೇನ್ ಸರ್ಕಾರದ ಆಸ್ತಿ ಜಪ್ತಿಗೆ ಅರ್ಜಿ.

ಆಯೋಗದ ಸಮರ್ಥಕರು ಹೇಳುವುದರಲ್ಲೂ ಹುರುಳಿದೆ. ಪಂಚಾಯ್ತಿ ಮೂಲಕ ಕೊಡಿಸಿದ್ದು ಸಕ್ರಮ ಎಂದಾದರೆ, ನಿಯಮ ತಪ್ಪಿಸಲು ಯಾವ ಸರ್ಕಾರ ಬೇಕಾದರೂ ಅದೇ ದಾರಿ ಹಿಡಿಯಬಹುದು. ಆದರೆ ಮುಂದಿನ ಹೂಡಿಕೆದಾರ ಇದನ್ನೆಲ್ಲ ನೋಡುತ್ತಿರುತ್ತಾನೆ. ಸರ್ಕಾರದ ಮಾತಿನ ಮೇಲೆ ನಂಬಿಕೆ ಕಮ್ಮಿ ಆದಷ್ಟೂ ಅವನು ಕೇಳುವ ಲಾಭ ಜಾಸ್ತಿ ಆಗುತ್ತದೆ. ಅದು ಕೊನೆಗೆ ಕರೆಂಟ್ ದರಕ್ಕೇ ಸೇರುತ್ತದೆ.

ಹರಾಜು ಏನು ಮಾಡಿತು

ಆಯೋಗ ಹರಾಜಿಗೆ ಅಂಟಿಕೊಂಡದ್ದಕ್ಕೆ ಕಾರಣ ಸರಳ. ದರವನ್ನು ಅಧಿಕಾರಿ ನಿಗದಿ ಮಾಡಿದರೆ ಯಾರಿಗೋ ಅತಿ ಲಾಭ ಆಗಬಹುದು. ಸ್ಪರ್ಧೆಯಲ್ಲಿ ಬಂದ ದರ ಅಗತ್ಯಕ್ಕಿಂತ ಜಾಸ್ತಿ ಇರಲ್ಲ.

ಜರ್ಮನಿಯಲ್ಲಿ ನೆಲದ ಮೇಲಿನ ಗಾಳಿಯಂತ್ರಗಳ ಹರಾಜು 2017ರ ಮೇ ತಿಂಗಳಲ್ಲಿ ಶುರುವಾಯಿತು. ಊರಿನ ಜನರ ಸಹಕಾರಿ ಗುಂಪುಗಳು ದೊಡ್ಡ ಕಂಪನಿಗಳ ಮುಂದೆ ಸೋಲಬಾರದು ಅಂತ ಅವಕ್ಕೆ ವಿನಾಯಿತಿ ಕೊಟ್ಟರು. ಕನಿಷ್ಠ 10 ಜನ ಸೇರಿ 'ನಾಗರಿಕರ ಇಂಧನ ಕಂಪನಿ' ಕಟ್ಟಿದರೆ ಪರವಾನಗಿ ಇಲ್ಲದೆಯೇ ಬಿಡ್ ಹಾಕಬಹುದು, ಕಟ್ಟಿ ಮುಗಿಸಲು ಹೆಚ್ಚು ಕಾಲ ಸಿಗುತ್ತದೆ. ಫಲ? ಆ ವರ್ಷ ಗೆದ್ದವರಲ್ಲಿ ಶೇ 90ಕ್ಕಿಂತ ಹೆಚ್ಚು ಇಂಥ 'ನಾಗರಿಕ' ಕಂಪನಿಗಳೇ. ಅನೇಕ ಕಂಪನಿಗಳ ಬೆನ್ನಿಗೆ ದೊಡ್ಡ ಡೆವಲಪರ್‌ಗಳಿದ್ದರು. ನಾಲ್ಕೈದು ವರ್ಷದ ನಂತರ ಯಂತ್ರ ಅಗ್ಗವಾಗುತ್ತದೆ ಎಂಬ ಲೆಕ್ಕದಲ್ಲಿ ಬಿಡ್ ಹಾಕಿದ್ದರಿಂದ ಸರಾಸರಿ ದರ ಮೇ ತಿಂಗಳ 5.71 ಸೆಂಟ್‌ನಿಂದ ನವೆಂಬರ್‌ಗೆ 3.82ಕ್ಕೆ ಬಿತ್ತು. ಕಾಗದದ ಮೇಲೆ ಭರ್ಜರಿ ಗೆಲುವು. ಗೆದ್ದ ಯೋಜನೆಗಳಲ್ಲಿ ಬಹಳಷ್ಟು ಕಟ್ಟಲೇ ಇಲ್ಲ. ಮರುವರ್ಷ ಪರವಾನಗಿ ಕಡ್ಡಾಯ ಮಾಡಿದ ಮೇಲೆ ದರ ಮತ್ತೆ ಏರಿತು.

ಎಲ್ಲವನ್ನೂ ಬ್ರಸೆಲ್ಸ್ ತಲೆಗೆ ಕಟ್ಟುವುದು ಸರಿಯಲ್ಲ. ಅದೇ 2017ರ ಫೆಬ್ರುವರಿಯಲ್ಲಿ ಭಾರತವೂ ಗಾಳಿ ವಿದ್ಯುತ್‌ನ ಮೊದಲ ರಾಷ್ಟ್ರೀಯ ಹರಾಜು ನಡೆಸಿತು. ಯೂನಿಟ್‌ಗೆ 3.46 ರೂಪಾಯಿ ಬಂತು. ಕರ್ನಾಟಕದಂಥ ರಾಜ್ಯಗಳ ನಿಯಂತ್ರಣ ಆಯೋಗಗಳು ಗೊತ್ತುಮಾಡುತ್ತಿದ್ದ ದರದ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು. ಇಲ್ಲಿ ರಾಜ್ಯ ಕೊಡುವ ಸಬ್ಸಿಡಿಗೆ ಯುರೋಪಿನಂತೆ ಮೇಲಿನವರ ಒಪ್ಪಿಗೆ ಬೇಕು ಎಂಬ ನಿಯಮವೇ ಇಲ್ಲ. ಆದರೂ ಹರಾಜು ಬಂತು. ಯಂತ್ರ, ಪ್ಯಾನೆಲ್ ಅಗ್ಗವಾಗುತ್ತಿದ್ದಾಗ ನಿಗದಿ ದರ ಉಳಿಯುವುದು ಹೇಗೂ ಕಷ್ಟವಿತ್ತು.

ಬಿಡ್ ಹಾಕಲು ಯಾರೂ ಬರಲಿಲ್ಲ

ಸಮುದ್ರದ ಗಾಳಿಯಂತ್ರಗಳಲ್ಲಿ ಇನ್ನೊಂದು ಅತಿಗೆ ಹೋದರು. ಸಬ್ಸಿಡಿಯೇ ಬೇಡ, ಸರ್ಕಾರಕ್ಕೆ ಯಾರು ಹೆಚ್ಚು ದುಡ್ಡು ಕಟ್ಟುತ್ತೀರಿ ಎಂದು ಕೇಳುವ ಹರಾಜು. ಬಡ್ಡಿ, ಉಕ್ಕು ಎರಡೂ ದುಬಾರಿಯಾದ ಮೇಲೆ ಅದು ಕೈಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಡೆನ್ಮಾರ್ಕ್ 3,000 ಮೆಗಾವಾಟ್‌ಗೆ ಕರೆದ ಹರಾಜಿಗೆ ಒಂದು ಬಿಡ್ಡೂ ಬರಲಿಲ್ಲ. 2025ರ ಆಗಸ್ಟ್‌ನಲ್ಲಿ ಜರ್ಮನಿಗೂ ಅದೇ ಗತಿ. ಡೆನ್ಮಾರ್ಕ್ ಮತ್ತೆ ಸಬ್ಸಿಡಿಗೆ ಮರಳಿತು, 5,500 ಕೋಟಿ ಕ್ರೋನರ್‌ವರೆಗೆ ಕೊಡುತ್ತೇನೆ ಎಂದಿತು. ಸಬ್ಸಿಡಿ ಮರಳಿದರೆ ಅದರ ಜೊತೆ ಬ್ರಸೆಲ್ಸ್ ಅರ್ಜಿಯೂ ಮರಳುತ್ತದೆ.

ಇನ್ನು ಮುಂದಿನ ಅಚ್ಚು ಸಿಎಫ್‌ಡಿ, ಅಂದರೆ ವ್ಯತ್ಯಾಸದ ಒಪ್ಪಂದ. ಯೂನಿಟ್‌ಗೆ 7 ಸೆಂಟ್ ಎಂದು ಒಪ್ಪಂದ ಆಗಿದೆ ಅಂದುಕೊಳ್ಳಿ. ಮಾರುಕಟ್ಟೆಯಲ್ಲಿ 4 ಸೆಂಟ್ ಸಿಕ್ಕರೆ ಸರ್ಕಾರ 3 ಸೆಂಟ್ ತುಂಬುತ್ತದೆ. 10 ಸೆಂಟ್ ಸಿಕ್ಕರೆ ಉತ್ಪಾದಕ 3 ಸೆಂಟ್ ವಾಪಸ್ ಕಟ್ಟಬೇಕು. ಜರ್ಮನಿಯ ಈಗಿನ ಪದ್ಧತಿಯಲ್ಲಿ ಈ ಎರಡನೇ ಭಾಗ ಇಲ್ಲ. ದರ ಏರಿದರೆ ಲಾಭ ಉತ್ಪಾದಕನಿಗೇ. 2022ರಲ್ಲಿ ದರ ಗಗನಕ್ಕೇರಿದಾಗ ಇದು ಕಣ್ಣಿಗೆ ಚುಚ್ಚಿತು. ಅದಕ್ಕೇ ಒಕ್ಕೂಟದ 2024ರ ಕಾನೂನು ಹೀಗೆನ್ನುತ್ತದೆ: 2027ರ ಜುಲೈ 17ರಿಂದ ಹೊಸ ಗಾಳಿ, ಸೌರ, ಅಣು ಸ್ಥಾವರಗಳಿಗೆ ನೇರ ದರ ಬೆಂಬಲ ಕೊಡುವುದಾದರೆ ಹೆಚ್ಚುವರಿ ಲಾಭ ಮರಳಿಸುವ ಈ ಬಗೆಯಲ್ಲೇ ಕೊಡಬೇಕು. ಮರಳಿ ಬಂದ ಹಣವನ್ನೂ ಮನಸೋ ಇಚ್ಛೆ ಹಂಚುವಂತಿಲ್ಲ. ಆಯ್ದ ಕೆಲವು ಕಾರ್ಖಾನೆಗಳಿಗೆ ಕೊಟ್ಟರೆ ಅದೇ ಹೊಸ ಸರ್ಕಾರಿ ನೆರವಾದೀತು.

ಉಳ್ಳವರ ಆಟ

ನಿಯಮ ಸಡಿಲ ಮಾಡಿ ಎನ್ನುವ ಕೂಗು ಜೋರಾಗಿದೆ. 2022ರ ಆಗಸ್ಟ್‌ನಲ್ಲಿ ಅಮೆರಿಕ ಹಸಿರು ಉದ್ಯಮಕ್ಕೆ ಭಾರೀ ತೆರಿಗೆ ರಿಯಾಯಿತಿ ಘೋಷಿಸಿದ ಮೇಲೆ ಆಯೋಗವೂ ಸಡಿಲಿಸಿತು. 2025ರ ಜೂನ್‌ನಲ್ಲಿ ಬಂದ ಹೊಸ ಚೌಕಟ್ಟು 2030ರ ಕೊನೆಯವರೆಗೆ ಇರುತ್ತದೆ. ಒಪ್ಪಿಗೆಯ ಪ್ರಕ್ರಿಯೆ ಸರಳವಾಗಿದೆ.

ಆದರೆ ಸಡಿಲ ಮಾಡಿದರೆ ಯಾರಿಗೆ ಲಾಭ? ಯುದ್ಧದ ಬಿಕ್ಕಟ್ಟಿನಲ್ಲಿ ತಾತ್ಕಾಲಿಕವಾಗಿ ಸಡಿಲಿಸಿದ ನಿಯಮದಡಿ ಒಪ್ಪಿಗೆ ಕೊಟ್ಟ ನೆರವು 67,200 ಕೋಟಿ ಯೂರೋ. ಅದರಲ್ಲಿ ಜರ್ಮನಿಯದ್ದು ಶೇ 53, ಫ್ರಾನ್ಸ್‌ನದ್ದು ಶೇ 24. ಇದನ್ನು 2023ರ ಜನವರಿಯಲ್ಲಿ ಸ್ವತಃ ಸ್ಪರ್ಧಾ ಕಮಿಷನರ್ ಮಾರ್ಗರೇಟ್ ವೆಸ್ಟೇಯರ್ ಸದಸ್ಯ ದೇಶಗಳಿಗೆ ಪತ್ರ ಬರೆದು ತಿಳಿಸಿದ್ದರು. ಉಳಿದ 25 ದೇಶಗಳಿಗೆ ಕಾಲು ಭಾಗವೂ ಇಲ್ಲ. ಬೀಗ ತೆಗೆದರೆ ಒಳಗೆ ನುಗ್ಗುವುದು ಖಜಾನೆ ದೊಡ್ಡದಿದ್ದವರೇ.

ದೊಡ್ಡ ಖಜಾನೆ ಇದ್ದರೆ ಸರಿಯಾದ ಕಡೆಗೇ ಹಾಕುತ್ತಾರೆ ಅಂತಲೂ ಇಲ್ಲ. 2024ರ ಜನವರಿಯಲ್ಲಿ ನಾರ್ತ್‌ವೋಲ್ಟ್ ಎಂಬ ಸ್ವೀಡನ್ ಕಂಪನಿಯ ಬ್ಯಾಟರಿ ಕಾರ್ಖಾನೆಗೆ ಜರ್ಮನಿ 90.2 ಕೋಟಿ ಯೂರೋ ನೆರವು ಕೊಡಲು ಆಯೋಗ ಒಪ್ಪಿತು. ಇಲ್ಲದಿದ್ದರೆ ಕಾರ್ಖಾನೆ ಅಮೆರಿಕಕ್ಕೆ ಹೋಗುತ್ತದೆ ಎಂಬುದು ಕಾರಣ. ಜಾಗ, ಆ ಹಳೆಯ ಕೇಸಿನ ಶ್ಲೆಸ್ವಿಗ್–ಹೋಲ್‌ಸ್ಟೈನ್ ರಾಜ್ಯವೇ. 2025ರ ಮಾರ್ಚ್‌ನಲ್ಲಿ ಕಂಪನಿ ಸ್ವೀಡನ್ನಿನಲ್ಲಿ ದಿವಾಳಿ ಅರ್ಜಿ ಹಾಕಿತು.

ಮನೆ ಮೇಲಿನ ಪ್ಯಾನೆಲ್‌ಗೆ ಏನಾಗುತ್ತದೆ

ಈಗಾಗಲೇ ಪ್ಯಾನೆಲ್ ಹಾಕಿಸಿಕೊಂಡವರಿಗೆ ಕಾಯ್ದೆ ಸುಮಾರು 20 ವರ್ಷದ ದರ ಕೊಟ್ಟಿದೆ. ಗಡುವು ತಾಗುವುದು ಹೊಸದಾಗಿ ಹಾಕಿಸುವವರಿಗೆ. ಅವರಿಗೆ ನಿಯಮ ಆಗಲೇ ಬಿಗಿಯಾಗಿದೆ. ಸೋಲಾರ್ ಜಾಸ್ತಿಯಾಗಿ, 2024ರಲ್ಲಿ ಜರ್ಮನಿಯ ಸಗಟು ಮಾರುಕಟ್ಟೆಯಲ್ಲಿ ಕರೆಂಟ್ ದರ 457 ಗಂಟೆ ಕಾಲ ಸೊನ್ನೆಗಿಂತ ಕೆಳಗಿತ್ತು. 2025ರ ಫೆಬ್ರುವರಿಯಿಂದ ಹಾಕಿಸಿದ ಪ್ಯಾನೆಲ್‌ಗಳಿಗೆ, ಸ್ಮಾರ್ಟ್ ಮೀಟರ್ ಕೂತ ಮೇಲೆ, ಅಂಥ ಹೊತ್ತಿನಲ್ಲಿ ಗ್ರಿಡ್‌ಗೆ ಬಿಟ್ಟ ಕರೆಂಟಿಗೆ ಸಬ್ಸಿಡಿ ಇಲ್ಲ. ಆ ಅವಧಿಯನ್ನು 20 ವರ್ಷದ ಕೊನೆಗೆ ಸೇರಿಸಿಕೊಡುತ್ತಾರೆ.

ಇನ್ನು ನಿಗದಿ ದರವೇ ಹೋಗುತ್ತದಾ ಎಂಬುದು. ದೊಡ್ಡ ಸ್ಥಾವರಗಳಿಗೆ ಹರಾಜು, ಹೆಚ್ಚುವರಿ ಲಾಭದ ವಾಪಸಾತಿ ಎಲ್ಲ ಬ್ರಸೆಲ್ಸ್‌ನ ಷರತ್ತು. ಆದರೆ ಸಣ್ಣ ಸ್ಥಾವರಗಳಿಗೆ ಹರಾಜಿನಿಂದ ವಿನಾಯಿತಿ 2014ರ ಮಾರ್ಗಸೂಚಿಯಲ್ಲೇ ಇತ್ತು. 2027ರ ಲಾಭ ವಾಪಸಾತಿ ನಿಯಮದಿಂದಲೂ ಸಣ್ಣವನ್ನು ಹೊರಗಿಡಲು ಆಯಾ ದೇಶಕ್ಕೆ ಅವಕಾಶ ಇದೆ. ಆದ್ದರಿಂದ ಹೊಸ ಕಾಯ್ದೆಯಲ್ಲಿ ಮನೆ ಚಾವಣಿಯ ನಿಗದಿ ದರ ಕಾಣೆಯಾದರೆ, ಆ ತೀರ್ಮಾನಕ್ಕೆ ಉತ್ತರ ಕೇಳಬೇಕಾದ ವಿಳಾಸ ಬರ್ಲಿನ್.